ಶಾಲೆಗಾಗಿ ಮತ ಕೇಳಿದವರು



ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಪಟ್ಟ ಒಂದು ವಿಷಯದ ಮೇಲೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಇದಕ್ಕೆ ದತ್ತಿ ನೀಡಿದ ಕುಟುಂಬದ ಆಶಯ. ಪಠ್ಯಪುಸ್ತಕ, ಕಲಿಕೆಯ ಮಾಧ್ಯಮ, ಪರೀಕ್ಷೆ ಇವುಗಳ ಬಗ್ಗೆ ಬಲ್ಲವರು ಇದೇ ವೇದಿಕೆಯಲ್ಲಿ ಮಾತಾಡಿದ್ದಾರೆ. ನಾನು ಇವತ್ತು ಚುನಾವಣೆಯ ಬಗ್ಗೆ ಮಾತಾಡುತ್ತೇನೆ. ಶಾಲೆಯ ಚುನಾವಣೆ. ಊರಿನ ಶಾಲೆಗಳನ್ನು ನೋಡಿಕೊಳ್ಳುವ ಮಂಡಳಿಗೆ ಒಬ್ಬ ಸಾಮಾನ್ಯ ವ್ಯಕ್ತಿ ಅಭ್ಯರ್ಥಿಯಾಗಿ ನಿಂತು, ಮನೆಮನೆಗೆ ಹೋಗಿ, ಇಂಥಿಂಥ ಕೆಲಸ ಮಾಡಿಸುತ್ತೇನೆ ಎಂದು ಹೇಳಿ ಮತ ಕೇಳುವುದು. ಈ ಕೆಲಸಕ್ಕೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ. ಶಾಲಾ ಸಮಿತಿಯ ಸದಸ್ಯತ್ವವನ್ನು ನಾವು ಯಾರ ಮೇಲೋ ಹೊರಿಸುತ್ತೇವೆ, ಕೇಳಿ ಪಡೆಯುವುದಿಲ್ಲ. ಸ್ಪರ್ಧಿಸಿ ಪಡೆದ ಸ್ಥಾನಕ್ಕೂ ಹೆಡ್‌ಮಾಸ್ತರರು ಪಟ್ಟಿಯಲ್ಲಿ ಬರೆದುಕೊಂಡ ಸ್ಥಾನಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಹೇಳಲು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯಬೇಕು. 1888ರ ಲಂಡನ್ನಿಗೆ.

ಆ ವರ್ಷದ ನವೆಂಬರಿನಲ್ಲಿ ಲಂಡನ್ ಸ್ಕೂಲ್ ಬೋರ್ಡಿಗೆ ಚುನಾವಣೆ ನಡೆಯಿತು. ಟವರ್ ಹ್ಯಾಮ್ಲೆಟ್ಸ್ ಎಂಬ ವಿಭಾಗದಲ್ಲಿ ಒಬ್ಬ ಮಹಿಳೆ ಅಭ್ಯರ್ಥಿಯಾಗಿದ್ದರು. ಅದು ನಗರದ ಪೂರ್ವ ಭಾಗ; ಹಡಗುಕಟ್ಟೆಯ ಕೂಲಿಗಳು, ಬಟ್ಟೆ ಹೊಲಿಯುವವರು, ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಣ್ಣುಮಕ್ಕಳು ಕಿಕ್ಕಿರಿದು ಬದುಕುತ್ತಿದ್ದ ಬಡವರ ಕೇರಿಗಳು. ಆ ಅಭ್ಯರ್ಥಿಯ ಹೆಸರು ನಿಮಗೆಲ್ಲ ಗೊತ್ತು: ಆನಿ ಬೆಸೆಂಟ್. ನಮಗೆ ಆಕೆ ಹೋಂ ರೂಲ್ ಚಳವಳಿಯ ನಾಯಕಿ, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆ, ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ಹಿರಿಯ ಜೀವ. ಆಕೆ ಭಾರತಕ್ಕೆ ಬಂದದ್ದು 1893ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ ಶಾಲೆಯ ಸ್ಥಾನವೊಂದಕ್ಕೆ ಬೀದಿಬೀದಿ ಸುತ್ತಿ ಮತ ಕೇಳಿದ್ದರು ಎಂಬುದನ್ನು ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಒಂದು ಸಾಲಿನಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ.

ಮೊದಲು ಆ ಬೋರ್ಡು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 1870ರವರೆಗೆ ಬಡವರ ಮಕ್ಕಳ ಶಾಲೆ ಎಂದರೆ ಬಹುಮಟ್ಟಿಗೆ ಚರ್ಚಿನ ಶಾಲೆ. ಎಲ್ಲಿ ಚರ್ಚು ಕಟ್ಟಲಿಲ್ಲವೋ ಅಲ್ಲಿ ಎಷ್ಟೋ ಕಡೆ ಶಾಲೆಯೇ ಇಲ್ಲ. ಆ ವರ್ಷ ಫಾರ್ಸ್ಟರ್ ಎಂಬ ಮಂತ್ರಿ ತಂದ ಪ್ರಾಥಮಿಕ ಶಿಕ್ಷಣ ಕಾಯಿದೆ, ಶಾಲೆ ಸಾಲದ ಕಡೆಗಳಲ್ಲಿ ಜನರೇ ಚುನಾಯಿಸುವ ಮಂಡಳಿಗಳನ್ನು ಮಾಡಿತು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದ ಮಂಡಳಿಗೆ ಶಾಲೆ ಕಟ್ಟಲು ಊರಿನ ತೆರಿಗೆಯಿಂದ ಹಣ ಎತ್ತುವ ಅಧಿಕಾರ. ಈ ಮಾತನ್ನು ಗಮನದಲ್ಲಿಡಿ: ಹಣ ಎತ್ತುವ ಅಧಿಕಾರ. ನಮ್ಮ ಸಮಿತಿಗಳ ಮಾತಿಗೆ ಬಂದಾಗ ಇದು ಬೇಕಾಗುತ್ತದೆ.

ಆ ಕಾಯಿದೆ ಇನ್ನೊಂದು ಬಾಗಿಲನ್ನೂ ತೆರೆಯಿತು. ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಹೆಸರಿದ್ದ ಹೆಂಗಸರೂ, ಅಂದರೆ ಹೆಚ್ಚಾಗಿ ವಿಧವೆಯರು ಮತ್ತು ಅವಿವಾಹಿತೆಯರು, ಮತ ಹಾಕಬಹುದು. ಮಂಡಳಿಗೆ ನಿಲ್ಲಲು ಹೆಂಗಸರಿಗೆ ಯಾವ ತಡೆಯೂ ಇಲ್ಲ. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಬ್ರಿಟನ್ನಿನ ಹೆಂಗಸರಿಗೆ ಸಿಕ್ಕಿದ್ದು 1918ರಲ್ಲಿ, ಅದೂ ಮೂವತ್ತು ದಾಟಿದವರಿಗೆ. ಶಾಲೆಯ ಮಂಡಳಿ ಅದಕ್ಕಿಂತ 48 ವರ್ಷ ಮುಂಚೆ ಅವರನ್ನು ಒಳಗೆ ಬಿಟ್ಟಿತು. ಮಕ್ಕಳ ವಿಷಯ ತಾನೇ, ಇರಲಿ ಬಿಡಿ ಎಂಬ ಧೋರಣೆಯೂ ಅದರಲ್ಲಿ ಇದ್ದಿರಬಹುದು. ಬಾಗಿಲು ತೆರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ, ಒಳಗೆ ಬಂದವರು ಏನು ಮಾಡಿದರು ಎಂಬುದು ನನಗೆ ಮುಖ್ಯ.

ಮೊದಲ ಚುನಾವಣೆಯಲ್ಲೇ, 1870ರ ನವೆಂಬರಿನಲ್ಲಿ, ಲಂಡನ್ ಬೋರ್ಡಿನ 49 ಸ್ಥಾನಗಳಲ್ಲಿ ಎರಡನ್ನು ಹೆಂಗಸರು ಗೆದ್ದರು. ಗ್ರೀನಿಚ್‌ನಿಂದ ಎಮಿಲಿ ಡೇವಿಸ್. ಮುಂದೆ ಗರ್ಟನ್ ಕಾಲೇಜಾಗಿ ಬೆಳೆದ ಹೆಣ್ಣುಮಕ್ಕಳ ಕಾಲೇಜನ್ನು ಅದರ ಹಿಂದಿನ ವರ್ಷವಷ್ಟೇ ತೆರೆದವರು. ಮ್ಯಾರಿಲೆಬೋನ್‌ನಿಂದ ವೈದ್ಯೆ ಎಲಿಜಬೆತ್ ಗ್ಯಾರೆಟ್. ಇಬ್ಬರಲ್ಲಿ ಗ್ಯಾರೆಟ್ ಗೆದ್ದ ರೀತಿ ಬೆರಗು ಹುಟ್ಟಿಸುವಂಥದ್ದು. ಅವರಿಗೆ ಬಂದ ಮತ 47,858. ಅದೇ ವಿಭಾಗದಲ್ಲಿ ಎರಡನೆಯವರಾಗಿ ಗೆದ್ದವರು ವಿಜ್ಞಾನಿ ಥಾಮಸ್ ಹಕ್ಸ್‌ಲಿ, ಅವರಿಗೆ 13,494. ಮ್ಯಾಂಚೆಸ್ಟರಿನಲ್ಲಿ ಲಿಡಿಯಾ ಬೆಕರ್ ಅದೇ ವರ್ಷ ಗೆದ್ದು 1890ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನ ಬೋರ್ಡಿನಲ್ಲಿದ್ದರು. ಎಡಿನ್‌ಬರೊದಲ್ಲಿ 1873ರಲ್ಲಿ ಸದಸ್ಯೆಯಾದ ಫ್ಲೋರಾ ಸ್ಟೀವನ್‌ಸನ್ 1900ರಲ್ಲಿ ಅಲ್ಲಿನ ಬೋರ್ಡಿನ ಅಧ್ಯಕ್ಷೆಯೇ ಆದರು.

ಈ ಮತಗಳ ಲೆಕ್ಕದಲ್ಲಿ ಒಂದು ವಿಶೇಷವಿದೆ. ಒಂದು ವಿಭಾಗಕ್ಕೆ ಎಷ್ಟು ಸ್ಥಾನಗಳೋ ಒಬ್ಬ ಮತದಾರನಿಗೆ ಅಷ್ಟು ಮತಗಳು. ಮ್ಯಾರಿಲೆಬೋನಿಗೆ ಏಳು ಸ್ಥಾನ, ಆದ್ದರಿಂದ ಏಳು ಮತ. ಅವನ್ನು ಏಳು ಜನಕ್ಕೆ ಹಂಚಬಹುದು. ಏಳನ್ನೂ ಒಬ್ಬರಿಗೇ ಸುರಿಯಬಹುದು. ಇದರಿಂದ ಸಂಖ್ಯೆಯಲ್ಲಿ ಚಿಕ್ಕದಾದ ಗುಂಪು ಕೂಡ ಒಗ್ಗಟ್ಟಾಗಿ ಒಬ್ಬರ ಹಿಂದೆ ನಿಂತರೆ ಒಂದು ಸ್ಥಾನ ಖಚಿತ. ಕ್ಯಾಥೊಲಿಕ್ಕರು ಹಾಗೆ ಗೆದ್ದರು, ಕಾರ್ಮಿಕರ ಪ್ರತಿನಿಧಿಗಳೂ ಗೆದ್ದರು. ದೊಡ್ಡ ಜಾತಿಯವರೇ ಎಲ್ಲ ಸ್ಥಾನ ಬಾಚಿಕೊಳ್ಳುವ ಊರುಗಳಲ್ಲಿ ಬದುಕುತ್ತಿರುವ ನಮಗೆ ಈ ಲೆಕ್ಕ ತಿಳಿದಿರಬೇಕು.

ಈಗ 1888ಕ್ಕೆ ಬರೋಣ. ಆನಿ ಬೆಸೆಂಟ್ ಆಗ ನಲವತ್ತೊಂದು ವರ್ಷದವರು. ಪಾದ್ರಿಯ ಹೆಂಡತಿಯಾಗಿದ್ದು ಗಂಡನಿಂದ ಬೇರಾಗಿದ್ದವರು, ದೇವರಿಲ್ಲ ಎಂದು ಬಹಿರಂಗವಾಗಿ ಭಾಷಣ ಮಾಡುತ್ತಿದ್ದವರು. 1877ರಲ್ಲಿ, ತಮ್ಮಂತೆಯೇ ನಾಸ್ತಿಕರಾಗಿದ್ದ ಚಾರ್ಲ್ಸ್ ಬ್ರಾಡ್ಲಾ ಎಂಬವರ ಜೊತೆ ಸೇರಿ ಸಂತಾನ ನಿಯಂತ್ರಣದ ಪುಸ್ತಿಕೆಯೊಂದನ್ನು ಪ್ರಕಟಿಸಿದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಎದುರಿಸಿದ್ದರು. ಮರುವರ್ಷ ನ್ಯಾಯಾಲಯ, ಇಂಥ ತಾಯಿ ಮಗುವನ್ನು ಬೆಳೆಸಲು ತಕ್ಕವಳಲ್ಲ ಎಂದು ಆಕೆಯ ಪುಟ್ಟ ಮಗಳು ಮೇಬಲ್‌ಳನ್ನು ತಂದೆಗೆ ಒಪ್ಪಿಸಿತು. ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಅಪಮಾನ ಇನ್ನೇನಿದೆ? ಆ ತೀರ್ಪಿನ ಹತ್ತು ವರ್ಷದ ಮೇಲೆ, ಲಂಡನ್ನಿನ ಲಕ್ಷಾಂತರ ಮಕ್ಕಳ ಶಾಲೆಗಳನ್ನು ನೋಡಿಕೊಳ್ಳುವ ಮಂಡಳಿಗೆ ನನ್ನನ್ನು ಆರಿಸಿ ಎಂದು ಆಕೆ ಜನರ ಮುಂದೆ ನಿಂತರು.

ಅದೇ ವರ್ಷದ ಜೂನ್ 23ರಂದು ತಮ್ಮ ‘ದಿ ಲಿಂಕ್’ ಪತ್ರಿಕೆಯಲ್ಲಿ ಬ್ರೈಂಟ್ ಅಂಡ್ ಮೇ ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಣ್ಣುಮಕ್ಕಳ ಪಾಡನ್ನು ಆಕೆ ಬರೆದಿದ್ದರು. ಕಾಲಲ್ಲಿ ಕೊಳೆ ಇದ್ದರೆ ದಂಡ, ಮಾತಾಡಿದರೆ ದಂಡ, ಬಿಳಿ ರಂಜಕದ ಹೊಗೆಗೆ ದವಡೆಯ ಎಲುಬು ಕೊಳೆಯುವ ರೋಗ. ಲೇಖನದ ಬೆನ್ನಿಗೇ ಜುಲೈನಲ್ಲಿ ಸುಮಾರು 1,400 ಜನ ಕೆಲಸ ನಿಲ್ಲಿಸಿ ಹೊರಬಂದರು, ಗೆದ್ದರು, ಸಂಘ ಕಟ್ಟಿದರು. ಬೆಸೆಂಟ್ ಅದರ ಕಾರ್ಯದರ್ಶಿಯಾದರು. ಆದ್ದರಿಂದ ನವೆಂಬರಿನಲ್ಲಿ ಟವರ್ ಹ್ಯಾಮ್ಲೆಟ್ಸಿನಲ್ಲಿ ಮತ ಕೇಳಲು ಹೋದಾಗ ಆಕೆ ಅಲ್ಲಿಗೆ ಹೊಸಬರಲ್ಲ. ಕಾರ್ಖಾನೆಯ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮತದ ಹಕ್ಕಿರಲಿಲ್ಲ. ತೆರಿಗೆ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿಂದ ಬರಬೇಕು? ಆದರೆ ಆ ಕೇರಿಗಳಲ್ಲಿ ಆಕೆಯ ಮಾತಿಗೆ ಬೆಲೆ ಹುಟ್ಟಿದ್ದು ಅವರಿಂದಲೇ.

ಆಕೆ ಏನು ಕೇಳಿದರು? ಶಾಲೆ ಉಚಿತವಾಗಬೇಕು, ಆಗ ವಾರವಾರ ಪೆನ್ನಿ ಲೆಕ್ಕದಲ್ಲಿ ಶುಲ್ಕ ಕೊಡಬೇಕಿತ್ತು. ಹಸಿದು ಬರುವ ಮಕ್ಕಳಿಗೆ ಶಾಲೆಯಲ್ಲಿ ಒಂದು ಹೊತ್ತು ಊಟ ಸಿಗಬೇಕು. ಶಾಲೆಯಲ್ಲಿ ಮತಬೋಧೆ ಕೂಡದು. ಮಂಡಳಿ ಕಟ್ಟಡ ಕಟ್ಟಿಸುವಾಗ, ಪುಸ್ತಕ ಅಚ್ಚು ಹಾಕಿಸುವಾಗ ಕೆಲಸಗಾರರಿಗೆ ನ್ಯಾಯವಾದ ಕೂಲಿ ಕೊಡುವ ಗುತ್ತಿಗೆದಾರರಿಗೆ ಮಾತ್ರ ಕೆಲಸ ಕೊಡಬೇಕು. ಈ ಕೊನೆಯದನ್ನು ಎಷ್ಟು ಜನ ಶಾಲೆಯ ವಿಷಯ ಎಂದು ಒಪ್ಪುತ್ತಾರೆ? ಆಕೆ ಒಪ್ಪಿಸಿದರು. ಅಪ್ಪನಿಗೆ ಹೊಟ್ಟೆಗೆ ಸಾಲದಷ್ಟು ಕೂಲಿ ಕೊಟ್ಟು ಅಗ್ಗವಾಗಿ ಕಟ್ಟಿದ ಶಾಲೆಗೆ ಅವನ ಮಗ ಹಸಿದುಕೊಂಡೇ ಬರುತ್ತಾನೆ. ಊಟ ಬೇರೆ, ಕೂಲಿ ಬೇರೆ, ಪಾಠ ಬೇರೆ ಎಂದು ಬಿಡಿಸಿ ನೋಡುವುದು ಅಧಿಕಾರಿಗಳ ಕಡತಗಳಲ್ಲಿ ಸಾಧ್ಯ, ಮಗುವಿನ ಬದುಕಿನಲ್ಲಿ ಸಾಧ್ಯವಿಲ್ಲ.

ವಿರೋಧ ಜೋರಾಗಿತ್ತು. ಆ ಭಾಗದ ಪಾದ್ರಿಯೊಬ್ಬರು ಹಳೆಯ ಪುಸ್ತಿಕೆಯ ವಿಷಯವನ್ನು ಕೆದಕಿ ಆಕೆಯ ವಿರುದ್ಧ ಕರಪತ್ರ ಹಂಚಿದರು. ಆಕೆ ಮುಂದೆ ಅವರ ಮೇಲೆ ಮಾನನಷ್ಟ ಮೊಕದ್ದಮೆಯನ್ನೇ ಹೂಡಿದರು. ಸಾರ್ವಜನಿಕ ಸ್ಥಾನಕ್ಕೆ ನಿಂತ ಹೆಂಗಸಿನ ಶೀಲದ ಮೇಲೆ ಮೊದಲು ಕೈಹಾಕುವುದು ಅಂದಿನ ಲಂಡನ್ನಿಗೂ ಇಂದಿನ ನಮ್ಮ ಹಳ್ಳಿಗೂ ಒಂದೇ. ಫಲಿತಾಂಶ ಬಂದಾಗ ಆನಿ ಬೆಸೆಂಟ್ ಹದಿನೈದು ಸಾವಿರಕ್ಕೂ ಹೆಚ್ಚು ಮತ ಪಡೆದು ಟವರ್ ಹ್ಯಾಮ್ಲೆಟ್ಸಿನ ಎಲ್ಲ ಅಭ್ಯರ್ಥಿಗಳಲ್ಲಿ ಮೊದಲಿಗರಾಗಿದ್ದರು. ಹೆತ್ತ ಮಗಳನ್ನು ಬೆಳೆಸಲು ಯೋಗ್ಯಳಲ್ಲ ಎಂದು ನ್ಯಾಯಾಲಯ ಹೇಳಿದ್ದ ಹೆಂಗಸಿನ ಕೈಗೆ ಆ ಬಡವರ ಕೇರಿಯವರು ತಮ್ಮ ಮಕ್ಕಳನ್ನು ಕೊಟ್ಟರು. ಚುನಾವಣೆಗಳ ಚರಿತ್ರೆಯಲ್ಲಿ ನಾನು ಓದಿದ ಅತ್ಯಂತ ಘನವಾದ ತೀರ್ಪುಗಳಲ್ಲಿ ಇದೊಂದು.

ಮಂಡಳಿಯಲ್ಲಿ ಆಕೆ ಇದ್ದದ್ದು ಮೂರೇ ವರ್ಷ. ಹ್ಯಾಕ್ನಿಯಿಂದ ಗೆದ್ದು ಬಂದ ಸ್ಟುವರ್ಟ್ ಹೆಡ್ಲಮ್ ಎಂಬ ಸಮಾಜವಾದಿ ಪಾದ್ರಿ ಅಲ್ಲಿ ಆಕೆಗೆ ಜೊತೆಯಾದರು. ನಾಸ್ತಿಕಳೂ ಪಾದ್ರಿಯೂ ಮಕ್ಕಳ ವಿಷಯದಲ್ಲಿ ಒಂದಾದರು. 1889ರಲ್ಲೇ ಮಂಡಳಿ ಗುತ್ತಿಗೆಗಳಿಗೆ ನ್ಯಾಯ ಕೂಲಿಯ ಷರತ್ತನ್ನು ಒಪ್ಪಿಕೊಂಡಿತು. ಇಂಥ ಷರತ್ತನ್ನು ಮೊದಲು ಒಪ್ಪಿದ ಸಾರ್ವಜನಿಕ ಸಂಸ್ಥೆಗಳಲ್ಲಿ ಅದೂ ಒಂದು. ಅದೇ ವರ್ಷ ಮಂಡಳಿಯ ಸಮಿತಿಯೊಂದು ತನ್ನ ಶಾಲೆಗಳಲ್ಲಿ ಸುಮಾರು 44 ಸಾವಿರ ಮಕ್ಕಳು, ಅಂದರೆ ಎಂಟು ಮಕ್ಕಳಲ್ಲಿ ಒಂದು, ಹೊಟ್ಟೆಗಿಲ್ಲದೆ ಬರುತ್ತಿವೆ ಎಂದು ಲೆಕ್ಕ ಹಾಕಿತು. ಹಸಿವೆಯನ್ನು ಎಣಿಸಿದ್ದು ದೊಡ್ಡ ಕೆಲಸ. ಎಣಿಸುವ ತನಕ ಅದು ಆಯಾ ತಾಯಿಯ ಹಣೆಬರಹ. ಎಣಿಸಿ ಬರೆದ ಮೇಲೆ ಅದು ಮಂಡಳಿಯ ಹೊಣೆ. 1891ರಲ್ಲಿ ಸರ್ಕಾರ ಮಗುವೊಂದಕ್ಕೆ ವರ್ಷಕ್ಕೆ ಹತ್ತು ಶಿಲಿಂಗ್ ಅನುದಾನ ಕೊಡುವ ಕಾಯಿದೆ ತಂದಿತು, ಬಹುತೇಕ ಶಾಲೆಗಳು ಉಚಿತವಾದವು. 1906ರಲ್ಲಿ ಶಾಲಾ ಊಟಕ್ಕೆ ಕಾನೂನು ಬಂತು, 1907ರಲ್ಲಿ ಮಕ್ಕಳ ವೈದ್ಯಕೀಯ ತಪಾಸಣೆಗೆ. ಇವೆಲ್ಲ ಒಬ್ಬರ ಸಾಧನೆ ಎಂದು ನಾನು ಹೇಳುವುದಿಲ್ಲ. ಒಂದು ಮಂಡಳಿಯ ಚುನಾವಣೆಯಲ್ಲಿ ಎತ್ತಿದ ಉಚಿತ ಶಾಲೆ ಮತ್ತು ಊಟದ ಬೇಡಿಕೆಗಳು ಹದಿನೆಂಟು ವರ್ಷಗಳೊಳಗೆ ಒಂದು ದೇಶದ ಕಾನೂನಾದವು ಎಂಬುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಆ ಮಂಡಳಿಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದೇನಿಲ್ಲ. 1894ರ ಲಂಡನ್ ಚುನಾವಣೆ ಮುಕ್ಕಾಲು ಪಾಲು ಮತಬೋಧೆಯ ಜಗಳದಲ್ಲೇ ಮುಗಿಯಿತು. ಶಿಕ್ಷಕರು ಕ್ರೈಸ್ತರ ತ್ರಿತ್ವ ಸಿದ್ಧಾಂತವನ್ನು ಹೇಗೆ ಬೋಧಿಸಬೇಕು ಎಂಬ ಸುತ್ತೋಲೆಯ ಮೇಲೆ ಬಣಗಳು ಹೊಡೆದಾಡಿದವು. ಕೊಠಡಿ, ಊಟ, ಹಾಜರಾತಿ ಹಿಂದೆ ಬಿದ್ದವು. ಈಗಿನ ಅಮೆರಿಕದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿವೆ. ಹೆಚ್ಚಿನವಕ್ಕೆ ಚುನಾಯಿತ ಮಂಡಳಿಗಳಿವೆ. ಅಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಗ್ರಂಥಾಲಯದಲ್ಲಿ ಯಾವ ಪುಸ್ತಕ ಇರಬೇಕು, ಯಾವುದು ಇರಬಾರದು ಎಂಬ ಜಗಳದ ಮೇಲೆ ಚುನಾವಣೆಗಳು ನಡೆದಿವೆ. ಮಕ್ಕಳ ಹೆಸರಿನಲ್ಲಿ ದೊಡ್ಡವರು ತಮ್ಮ ಹಗೆ ತೀರಿಸಿಕೊಳ್ಳುವ ಅಪಾಯ ಇಂಥ ಚುನಾವಣೆಗಳಲ್ಲಿ ಇದ್ದೇ ಇದೆ. ಅದಕ್ಕೆ ಹೆದರಿ ಚುನಾವಣೆಯನ್ನೇ ತೆಗೆದರೆ ಏನಾಗುತ್ತದೆ ಎಂಬುದನ್ನೂ ಇಂಗ್ಲೆಂಡ್ ತೋರಿಸಿದೆ. 1902ರ ಕಾಯಿದೆ ಸ್ಕೂಲ್ ಬೋರ್ಡುಗಳನ್ನು ರದ್ದು ಮಾಡಿ ಶಾಲೆಗಳನ್ನು ಕೌಂಟಿ ಕೌನ್ಸಿಲುಗಳಿಗೆ ಕೊಟ್ಟಿತು. ಕೌನ್ಸಿಲಿಗೆ ನಿಲ್ಲುವ ಹಕ್ಕು ಹೆಂಗಸರಿಗೆ ಇರಲಿಲ್ಲ. ಮೂವತ್ತು ವರ್ಷ ಗೆದ್ದು ಬಂದಿದ್ದವರು, 1907ರಲ್ಲಿ ಬೇರೆ ಕಾಯಿದೆ ಬರುವವರೆಗೆ, ನಾಮಕರಣಗೊಂಡ ಸದಸ್ಯರಾಗಿ ಮಾತ್ರ ಉಳಿದರು.

ಬೆಸೆಂಟ್ 1891ರಲ್ಲಿ ಮತ್ತೆ ನಿಲ್ಲಲಿಲ್ಲ. ಅಷ್ಟರಲ್ಲಿ ಥಿಯೊಸಾಫಿಯ ಕಡೆ ತಿರುಗಿದ್ದರು. ಆದರೆ ಶಾಲೆಯನ್ನು ಬಿಡಲಿಲ್ಲ. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು. 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಆಕೆಯ ರಾಷ್ಟ್ರೀಯ ಶಿಕ್ಷಣದ ಕರೆಯಿಂದ ಪ್ರೇರಣೆ ಪಡೆದು ಹುಟ್ಟಿದ ನ್ಯಾಷನಲ್ ಹೈಸ್ಕೂಲು. ನಮ್ಮ ನಾಡಿನ ಒಂದು ಹೆಸರಾಂತ ಶಾಲೆಯ ಬೇರು ಹೀಗೆ ಲಂಡನ್ನಿನ ಆ ಕೇರಿಗಳಲ್ಲಿ ಪಳಗಿದ ಒಬ್ಬ ಹೆಂಗಸಿನವರೆಗೂ ಹೋಗುತ್ತದೆ.

ಈಗ ನಮ್ಮ ಕಡೆಗೆ. ಉತ್ತರ ಕರ್ನಾಟಕದ ಹಿರಿಯರಿಗೆ ‘ಸ್ಕೂಲ್ ಬೋರ್ಡು’ ಎಂಬ ಮಾತು ಹೊಸದಲ್ಲ. ಮುಂಬೈ ಪ್ರಾಂತ್ಯದ 1923ರ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆ ಪ್ರಾಂತ್ಯದಲ್ಲಿದ್ದವು. ಆದರೆ ಒಂದೊಂದು ಶಾಲೆಗೂ ಅದರ ಮಕ್ಕಳ ತಾಯಿತಂದೆಯರೇ ಆರಿಸುವ ಸಮಿತಿ ಇರಬೇಕು ಎಂಬ ವಿಚಾರಕ್ಕೆ ಕರ್ನಾಟಕದಲ್ಲಿ ರೂಪ ಬಂದದ್ದು ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ, 2001ರ ಏಪ್ರಿಲ್‌ನ ಸರ್ಕಾರಿ ಆದೇಶದಿಂದ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಜನರ ಬಾಯಲ್ಲಿ ಎಸ್‌ಡಿಎಂಸಿ. ದೇಶಕ್ಕೆಲ್ಲ ಕಾನೂನು ಬರುವ ಮುಂಚೆಯೇ ನಾವು ಮಾಡಿದ ಕೆಲಸ ಇದು.

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಸೆಕ್ಷನ್ನು ಇಡೀ ದೇಶಕ್ಕೆ ಇದನ್ನು ಕಾನೂನು ಮಾಡಿತು. ಸಮಿತಿಯ ಮುಕ್ಕಾಲು ಭಾಗ ಪೋಷಕರೇ ಇರಬೇಕು. ಅರ್ಧ ಹೆಂಗಸರು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು. ನಮ್ಮ ರಾಜ್ಯದಲ್ಲಿ ಪೋಷಕರ ನಡುವಿನಿಂದ 18 ಸದಸ್ಯರು. ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಅನುದಾನದ ಖಾತೆಗೆ ಅಧ್ಯಕ್ಷರದೂ ಮುಖ್ಯ ಶಿಕ್ಷಕರದೂ ಜಂಟಿ ಸಹಿ. ಶಾಲೆಯ ಕೆಲಸಕಾರ್ಯ ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಹಣ ಎಲ್ಲಿ ಹೋಯಿತು ಎಂದು ಕೇಳುವುದು, ಇವು ಸಮಿತಿಗೆ ಕಾನೂನೇ ಕೊಟ್ಟ ಕೆಲಸ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ನು ಅನ್ವಯಿಸುವುದಿಲ್ಲ. ಅಂದರೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಪಟ್ಟಣದ ತಂದೆಗೆ ಈ ಕಾನೂನು ಕೊಡದ ಹಕ್ಕನ್ನು, ಸರ್ಕಾರಿ ಶಾಲೆಗೆ ಮಗಳನ್ನು ಕಳಿಸುವ ಕೂಲಿಕಾರ ತಾಯಿಗೆ ಕೊಟ್ಟಿದೆ. ಆ ತಾಯಿಗೆ ಇದನ್ನು ಯಾರಾದರೂ ಹೇಳಿದ್ದೇವೆಯೇ?

ನಡೆಯುವುದು ಏನು ಎಂದು ಇಲ್ಲಿರುವ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಪೋಷಕರ ಸಭೆಯ ನೋಟಿಸು ಮಕ್ಕಳ ಕೈಯಲ್ಲಿ ಹೋಗುತ್ತದೆ. ಕೂಲಿಯ ದಿನ, ಹಗಲು ಹನ್ನೊಂದಕ್ಕೆ ಸಭೆ. ಬಂದವರು ಇಪ್ಪತ್ತು ಮೂವತ್ತು ಜನ. ಊರ ಹಿರಿಯರೊಬ್ಬರು ಹೆಸರು ಹೇಳುತ್ತಾ ಹೋಗುತ್ತಾರೆ, ಮುಖ್ಯ ಶಿಕ್ಷಕರು ಬರೆದುಕೊಳ್ಳುತ್ತಾರೆ, ‘ಅವಿರೋಧ ಆಯ್ಕೆ’ ಎಂದು ನಡಾವಳಿಯಲ್ಲಿ ದಾಖಲಾಗುತ್ತದೆ. ಹೆಂಗಸರ ಪಾಲಿನ ಸ್ಥಾನಗಳಿಗೆ ಹೆಸರುಗಳು ಗಂಡಂದಿರ ಬಾಯಿಂದ ಬರುತ್ತವೆ. ಆಮೇಲೆ ಮೂರು ವರ್ಷ, ಠರಾವಿನ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಅವಿರೋಧ ಎಂಬುದನ್ನು ನಾವು ಊರಿನ ಒಗ್ಗಟ್ಟಿನ ಗುರುತು ಎಂದು ಹೊಗಳುತ್ತೇವೆ. ಎಷ್ಟೋ ಕಡೆ ಅದು ಯಾರೂ ಏನೂ ಕೇಳಬಾರದು ಎಂಬ ಒಪ್ಪಂದ.

ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಸಭೆಯಲ್ಲಿ ನಾನು ಕೂತಿದ್ದೆ. ಪಟ್ಟಿ ಓದಿ ಮುಗಿಯಿತು, ಚಪ್ಪಾಳೆಯೂ ಆಯಿತು. ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. “ನನ್ನ ಹೆಸರೂ ಬರ್ಕೊಳ್ರಿ ಸರ, ನಾನೂ ನಿಲ್ತೀನಿ” ಎಂದಳು.

“ಆಗ್ಲೇ ಎಲ್ಲಾ ಮುಗೀತಲ್ಲವಾ ತಂಗಿ, ಯಾಕ ನಿಂತಿ ಈಗ?” ಎಂದರು ಹಿರಿಯರು.

“ಯಾಕಂದ್ರ ಹೇಳ್ತೀನ್ರಿ ಕಾಕಾ. ಹೆಣ್ಣು ಹುಡುಗ್ಯಾರ ಸಂಡಾಸಕ್ಕ ನೀರಿಲ್ಲ. ಏಳನೇತ್ತಿ ಹುಡುಗ್ಯಾರು ತಿಂಗಳಾಗ ನಾಕು ದಿನ ಸಾಲೀಗೆ ಬರೂದಿಲ್ಲ. ನಿಮ್ಮ ಪಟ್ಟ್ಯಾಗ ಇದ್ದವ್ರು ಯಾರರೆ ಇದನ್ನ ಕೇಳ್ತೀನಿ ಅಂದ್ರ ನಾ ಕೂಡ್ತೀನಿ.”

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಹೆಸರು ಬರೆದುಕೊಂಡರು, ಕೈ ಎತ್ತಿಸಿದರು, ಆಕೆ ಗೆದ್ದಳು. ಇದು ಚುನಾವಣಾ ಪ್ರಣಾಳಿಕೆ. ಇದಕ್ಕಿಂತ ಚೆನ್ನಾದದ್ದನ್ನು ನಾನು ಯಾವ ಪಕ್ಷದಿಂದಲೂ ಓದಿಲ್ಲ. ಅಲ್ಲಿ ನಡೆದದ್ದನ್ನು ಗಮನಿಸಿ: ಆಕೆ ಎದುರು ನಿಂತದ್ದರಿಂದಲೇ ಆ ಶಾಲೆಯ ನೀರಿನ ಮಾತು ಸಭೆಗೆ ಬಂತು. ಅವಿರೋಧ ಆಯ್ಕೆಯಾಗಿದ್ದರೆ ಆ ಮಾತು ಅವಳ ಮನೆಯ ಕಟ್ಟೆಯಲ್ಲೇ ಉಳಿಯುತ್ತಿತ್ತು. ಸ್ಪರ್ಧೆಯಿಂದ ಬರುವ ಮೊದಲ ಲಾಭ ಯಾರು ಗೆದ್ದರು ಎಂಬುದಲ್ಲ. ಶಾಲೆಯ ಕೊರತೆಗಳನ್ನು ಜನ ಬಾಯಿಬಿಟ್ಟು ಹೇಳುತ್ತಾರೆ, ಗೆದ್ದವರು ಅದಕ್ಕೆ ಕಟ್ಟುಬೀಳುತ್ತಾರೆ.

ಇದನ್ನು ಹೇಳಿದಾಗಲೆಲ್ಲ ಶಿಕ್ಷಕ ಮಿತ್ರರು ಒಂದು ಆಕ್ಷೇಪ ಎತ್ತುತ್ತಾರೆ: ಶಾಲೆಗೆ ರಾಜಕೀಯ ತರಬೇಡಿ. ಅವರ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಂಚಾಯ್ತಿಯಲ್ಲಿ ಸೋತ ಬಣ ಶಾಲಾ ಸಮಿತಿಯಲ್ಲಿ ಸೇಡು ತೀರಿಸಿಕೊಳ್ಳಲು ಬಂದದ್ದನ್ನು, ಬಿಸಿಯೂಟದ ಅಡುಗೆಯವರು ಯಾವ ಜಾತಿಯವರು ಎಂಬುದರ ಮೇಲೆ ಊಟ ನಿಂತದ್ದನ್ನು ಅವರು ಕಂಡಿದ್ದಾರೆ. ಆದರೆ ಆ ರಾಜಕೀಯ ಅವಿರೋಧ ಪಟ್ಟಿಯಲ್ಲೂ ಇದೆ. ಪಟ್ಟಿ ಮಾಡುವ ಹಿರಿಯರು ಯಾವ ಕೇರಿಯವರು ಎಂದು ನೋಡಿದರೆ ತಿಳಿಯುತ್ತದೆ. ತೆರೆದ ಸಭೆಯಲ್ಲಿ, ಶಾಲೆಯ ವಿಷಯದ ಮೇಲೆಯೇ ಮಾತಾಡಬೇಕು ಎಂಬ ಕಟ್ಟಳೆಯಲ್ಲಿ ನಡೆಯುವ ಸ್ಪರ್ಧೆ ಆ ರಾಜಕೀಯವನ್ನು ಬೆಳಕಿಗೆ ತರುತ್ತದೆ. ಶಿಕ್ಷಕರಿಗೂ ಅದರಿಂದ ಬಲವೇ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮುಖ್ಯ ಶಿಕ್ಷಕರು ಬರೆದ ಪತ್ರಕ್ಕೆ ಉತ್ತರ ಬರದಿರಬಹುದು. ಗೆದ್ದು ಬಂದ ಎಂಟು ಹತ್ತು ತಾಯಂದಿರು ಆ ಕಚೇರಿಯ ಮೆಟ್ಟಿಲು ಹತ್ತಿದರೆ ಕಡತ ಅಲುಗಾಡುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಲಂಡನ್ ಬೋರ್ಡಿಗೆ ತೆರಿಗೆ ಎತ್ತುವ ಬಲವಿತ್ತು. ನಮ್ಮ ಎಸ್‌ಡಿಎಂಸಿಗೆ ಏನಿದೆ? ಶಿಕ್ಷಕರನ್ನು ನೇಮಿಸುವಂತಿಲ್ಲ, ಕೊಠಡಿ ಕಟ್ಟಲು ಹಣ ಎತ್ತುವಂತಿಲ್ಲ. ನಿಜ. ಈ ಕೊರತೆಯನ್ನು ನೀಗಿಸುವ ನೆಪದಲ್ಲಿ 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಸಮಿತಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಡಿಸಿತು; ವಿರೋಧ ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಹಿಂದಕ್ಕೆ ಪಡೆದದ್ದು ಸರಿ. ಉಚಿತ ಶಿಕ್ಷಣ ಮೂಲಭೂತ ಹಕ್ಕಾಗಿರುವ ದೇಶದಲ್ಲಿ ಸರ್ಕಾರಿ ಶಾಲೆಯ ಖರ್ಚನ್ನು ಕೂಲಿಯವರ ಮುಂದೆ ಕೈಯೊಡ್ಡಿ ತುಂಬಿಸಬಾರದು. ಸಮಿತಿಗೆ ಬೇಕಾದದ್ದು ವಂತಿಗೆ ಎತ್ತುವ ಚೀಟಿಪುಸ್ತಕವಲ್ಲ. ಅದು ಬರೆದ ಶಾಲಾ ಅಭಿವೃದ್ಧಿ ಯೋಜನೆಗೆ ಇಷ್ಟು ದಿನದೊಳಗೆ ಹಣ ಕೊಡುತ್ತೇವೆ ಅಥವಾ ಏಕೆ ಕೊಡುವುದಿಲ್ಲ ಎಂದು ಲಿಖಿತವಾಗಿ ಉತ್ತರಿಸುವ ಹೊಣೆಯನ್ನು ಸರ್ಕಾರ ಹೊರಬೇಕು. ಹಾಗೆ ಆಗುವವರೆಗೆ ಸ್ಪರ್ಧೆ ಬೇಡವೇ? ಬೇಕು. ಇರುವ ಅಧಿಕಾರವನ್ನಾದರೂ ಚಲಾಯಿಸುವವರು ಬಂದರೆ ತಾನೇ ಇಲ್ಲದ ಅಧಿಕಾರವನ್ನು ಕೇಳುವವರು ಹುಟ್ಟುವುದು.

ಇರುವ ಅಧಿಕಾರವೂ ಸಣ್ಣದಲ್ಲ. ಬಿಸಿಯೂಟವನ್ನೇ ತೆಗೆದುಕೊಳ್ಳಿ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು. ಟವರ್ ಹ್ಯಾಮ್ಲೆಟ್ಸಿನಲ್ಲಿ ಬೆಸೆಂಟ್ ಕೇಳಿದ್ದ ಊಟ ಇಂದು ನಮ್ಮ ಮಕ್ಕಳ ತಟ್ಟೆಯಲ್ಲಿದೆ. ಆದರೆ ಬೇಳೆ ಎಷ್ಟು ಬಂತು, ಎಷ್ಟು ಬೆಂದಿತು, ಹಾಲಿಗೆ ನೀರು ಎಷ್ಟು ಬಿತ್ತು, ಯಾವ ಮಗುವನ್ನು ಯಾವ ಸಾಲಿನಲ್ಲಿ ಕೂರಿಸಿದರು, ಇದನ್ನು ದಿನವೂ ನೋಡಬಲ್ಲವರು ದಿಲ್ಲಿಯಲ್ಲಿಲ್ಲ, ಬೆಂಗಳೂರಿನಲ್ಲಿಲ್ಲ. ಅದನ್ನು ನೋಡುವ ಹಕ್ಕು ಸಮಿತಿಯ ಸದಸ್ಯೆಗಿದೆ. ಆಕೆ ಅಡುಗೆಮನೆಗೆ ಹೋಗಿ ಸೌಟು ಎತ್ತಿ ನೋಡಬಹುದು. ನಡಾವಳಿಯಲ್ಲಿ ಬರೆಸಬಹುದು. ಓದು ಬಾರದಿದ್ದರೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ ಎಂದು ಕೇಳಬಹುದು, ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಬಹುದು.

ಹೆಣ್ಣುಮಕ್ಕಳಿಗೆ ಈ ವಿಷಯದಲ್ಲಿ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಕರ್ನಾಟಕವು ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನ ಕಾದಿರಿಸುವ ಕಾನೂನನ್ನು 1983ರಲ್ಲಿ ಮಾಡಿತು. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಅದು ಜಾರಿಗೆ ಬಂತು. ದೇಶದ ಸಂವಿಧಾನ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಸ್ಥಾನ ಕಾದಿರಿಸುವ ಹಂತಕ್ಕೆ ಬಂದದ್ದು 1993ರಲ್ಲಿ. 1987ರಲ್ಲಿ ಗೆದ್ದ ಹೆಂಗಸರನ್ನು ಸಹಿ ಹಾಕುವ ಗೊಂಬೆಗಳು ಎಂದು ಹೀಯಾಳಿಸಿದವರು ಬಹಳ. ಆ ಹೆಂಗಸರಲ್ಲಿ ಎಷ್ಟೋ ಜನ ಎರಡನೇ ವರ್ಷಕ್ಕೆ ಲೆಕ್ಕ ಕೇಳಲು ಕಲಿತರು. ಶಾಲಾ ಸಮಿತಿಯಲ್ಲಿ ನಿಮಗೆ ಅರ್ಧ ಸ್ಥಾನವಿದೆ. ಅದಕ್ಕೆ ನಿಮ್ಮ ಹೆಸರನ್ನು ಬೇರೆಯವರು ಹೇಳುವ ಮುಂಚೆ ನೀವೇ ಹೇಳಿ.

ನಿಲ್ಲುವವರಿಗೆ ನನ್ನ ಸಲಹೆ ಇಷ್ಟೇ. ಸಭೆಗೆ ಮುಂಚೆ ಒಂದು ದಿನ ಶಾಲೆಗೆ ಹೋಗಿ ಕೂತು ನೋಡಿ. ಹಾಜರಿ ಪುಸ್ತಕದಲ್ಲಿ ಇರುವ ಹೆಸರುಗಳಲ್ಲಿ ಎಷ್ಟು ಮಕ್ಕಳು ಕಣ್ಣೆದುರು ಇದ್ದಾರೆ ಎಣಿಸಿ. ಕಬ್ಬು ಕಡಿಯಲು ಹೋದ ಮನೆಗಳ ಮಕ್ಕಳು ಯಾವಾಗ ಬಿಟ್ಟರು, ಯಾವಾಗ ಮರಳುತ್ತಾರೆ ಎಂದು ಕೇಳಿ. ಎಷ್ಟು ಹುದ್ದೆ ಖಾಲಿ ಇವೆ, ಅತಿಥಿ ಶಿಕ್ಷಕರಿಗೆ ಸಂಬಳ ಬಂದಿದೆಯೇ ತಿಳಿದುಕೊಳ್ಳಿ. ಇವುಗಳಲ್ಲಿ ನಿಮ್ಮ ಕೈಲಾಗುವ ಎರಡನ್ನು ಆರಿಸಿ, ಆ ಎರಡನ್ನೇ ಮನೆಮನೆಗೆ ಹೋಗಿ ಹೇಳಿ. ನಿಮ್ಮ ಕೇರಿಯ ಮನೆಗಳಿಗಷ್ಟೇ ಹೋಗಬೇಡಿ. ಊರಾಚೆಯ ಕೇರಿಗೂ ಹೋಗಿ, ಅಲ್ಲಿಂದಲೂ ಒಬ್ಬರು ನಿಲ್ಲುವಂತೆ ಮಾಡಿ. ಸೋತರೂ ಸಭೆಗಳಿಗೆ ಹೋಗುತ್ತಿರಿ.

ಶಿಕ್ಷಕರಲ್ಲಿ ಒಂದು ಬಿನ್ನಹ. ಸಭೆಯನ್ನು ಕೂಲಿಯ ವೇಳೆಯಲ್ಲಿ ಕರೆಯಬೇಡಿ, ಸಂಜೆ ಅಥವಾ ಕೆಲಸಕ್ಕೆ ರಜೆ ಇರುವ ದಿನ ಕರೆಯಿರಿ. ಮೂರು ದಿನ ಮುಂಚೆ ಡಂಗುರ ಹೊಡೆಸಿ, ಮಸೀದಿ ಗುಡಿಗಳ ಮೈಕಿನಲ್ಲಿ ಹೇಳಿಸಿ. ಒಂದೇ ಸ್ಥಾನಕ್ಕೆ ಇಬ್ಬರು ಎದ್ದು ನಿಂತರೆ ಅವರನ್ನು ಸಮಾಧಾನ ಮಾಡಿ ಕೂರಿಸಬೇಡಿ. ಇಬ್ಬರಿಗೂ ಐದು ನಿಮಿಷ ಮಾತಾಡಲು ಕೊಡಿ, ಚೀಟಿ ಬರೆಸಿ, ಎಲ್ಲರ ಎದುರು ಎಣಿಸಿ. ನಮ್ಮ ಸಮಿತಿಗಳ ಅವಧಿ ಮೂರು ವರ್ಷ. ನಿಮ್ಮ ಶಾಲೆಯ ಸಮಿತಿಯ ಅವಧಿ ಯಾವ ತಿಂಗಳು ಮುಗಿಯುತ್ತದೆ ಎಂದು ನಾಳೆಯೇ ಮುಖ್ಯ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ ಎಂದು ಇಲ್ಲಿರುವ ಪ್ರತಿಯೊಬ್ಬ ತಾಯಿತಂದೆಯನ್ನು ಕೇಳಿಕೊಳ್ಳುತ್ತೇನೆ.